ಬಿಕ್ಕಳಿಕೆಯ ಜಾಗದಲ್ಲಿ ಆಮೆನ್

ನಮ್ಮ ಮನೆಯಲ್ಲಿ ಪ್ರಪಂಚವನ್ನು ಎರಡು ಪಾಲು ಮಾಡಿ ಇಟ್ಟಿದ್ದರು. ಒಂದು ಸಭೆ, ಇನ್ನೊಂದು ಲೋಕ. ಸಭೆ ಅಂದರೆ ಪೀಣ್ಯದ ಕಾರ್ಖಾನೆ ಸಾಲಿನ ಹಿಂದೆ ಶೀಟ್ ಹೊದಿಸಿ ಕಟ್ಟಿದ್ದ ನಮ್ಮ ಪುಟ್ಟ ಚರ್ಚು ಮತ್ತು ಅಲ್ಲಿಗೆ ಬರುತ್ತಿದ್ದ ಮೂವತ್ತು ಚಿಲ್ಲರೆ ಸಂಸಾರಗಳು. ಲೋಕ ಅಂದರೆ ಮಿಕ್ಕಿದ್ದೆಲ್ಲ. ಲಾಟರಿ ಟಿಕೆಟ್ಟು ಲೋಕ, ಇಸ್ಪೀಟು ಲೋಕ, ತೋಳಿಲ್ಲದ ರವಿಕೆ ಲೋಕ. ಎಲ್ಲಕ್ಕಿಂತ ದೊಡ್ಡ ಲೋಕ ಸಿನಿಮಾ. "ಅದು ಲೋಕದ್ದು" ಎಂದು ಅಪ್ಪ ಒಮ್ಮೆ ಅಂದುಬಿಟ್ಟರೆ ಮುಗಿಯಿತು, ಮೇಲೆ ಅಪೀಲಿಲ್ಲ.

ಅಪ್ಪ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು. ಲೇತ್ ಮಷೀನಿನ ಮುಂದೆ ಎಂಟು ಗಂಟೆ ನಿಂತು ಬಂದು, ಕೈಗೆ ಅಂಟಿದ ಎಣ್ಣೆಯನ್ನು ಮರಳು ಸೋಪಿನಲ್ಲಿ ಉಜ್ಜಿ ತೊಳೆದು, ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಸಭೆಯ ಹಾಡಿನ ಗುಂಪಿಗೆ ಅವರೇ ಮುಖಂಡರು. ಕಾರ್ಖಾನೆಯಲ್ಲಿ ಅವರಿಗೆ 'ಪಾದ್ರಿ' ಅಂತ ಅಡ್ಡಹೆಸರು ಇಟ್ಟಿದ್ದರು. ತಮಾಷೆಗೆ ಇಟ್ಟಿದ್ದು. ಅಪ್ಪ ಅದನ್ನು ಬಿರುದು ಅಂತಲೇ ತಗೊಂಡರು.

ಲೋಕವನ್ನು ಮನೆಯೊಳಗೆ ಬಿಡದಿರಲು ಅಪ್ಪ ಪಡುತ್ತಿದ್ದ ಪಾಡು ಒಂದಾ ಎರಡಾ! ಪೇಪರು ಬಂದ ಕೂಡಲೇ ಸಿನಿಮಾ ಜಾಹೀರಾತಿನ ಪುಟ ತೆಗೆದು ಅಡುಗೆಮನೆ ಶೆಲ್ಫಿಗೆ ಹಾಸಲು ಕೊಡುತ್ತಿದ್ದರು, ಅದೂ ಚಿತ್ರಗಳು ಕೆಳಗೆ ಬರುವ ಹಾಗೆ. ನಾನು ಬೇಳೆ ಡಬ್ಬಿ ಎತ್ತಿ, ಪೇಪರು ಮಗುಚಿ, ನೋಡಿ, ಮತ್ತೆ ಹಾಸುತ್ತಿದ್ದೆ. ರೇಡಿಯೋ ಇತ್ತು, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು. ಅದು ಬಾಯಿ ಬಿಡುತ್ತಿದ್ದುದು ವಾರ್ತೆಗೆ ಮತ್ತು ಬೆಳಗಿನ ಒಂದು ಕ್ರೈಸ್ತ ಕಾರ್ಯಕ್ರಮಕ್ಕೆ ಮಾತ್ರ. ವಾರ್ತೆ ಮುಗಿದು ಚಿತ್ರಗೀತೆಯ ಮೊದಲ ಪಿಟೀಲು ಕೇಳಿಸುವಷ್ಟರಲ್ಲಿ ಅಪ್ಪನ ಕೈ ಟಕ್ಕನೆ ಆಫ್ ಮಾಡುತ್ತಿತ್ತು.

ಆದರೆ ಲೋಕ ನಮ್ಮ ಬಚ್ಚಲ ಗೋಡೆಯ ಆ ಕಡೆಯಿಂದಲೇ ಶುರುವಾಗುತ್ತಿತ್ತಲ್ಲ, ಅದಕ್ಕೇನು ಮಾಡುವುದು? ಗೋಡೆಯ ಆ ಕಡೆ ಓನರಮ್ಮನ ಮನೆ. ಅವರದು ಲಗ್ಗೆರೆಯ ಹಳೇ ಒಕ್ಕಲು ಸಂಸಾರ. ರಾಗಿ ಹೊಲದಲ್ಲಿ ಅರ್ಧ ಕಾರ್ಖಾನೆಯವರಿಗೆ ಕೊಟ್ಟು, ಬಂದ ದುಡ್ಡಿನಲ್ಲಿ ಸಾಲಾಗಿ ಐದು ಮನೆ ಕಟ್ಟಿಸಿ, ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದರು. ಎಮ್ಮೆ ಮಾತ್ರ ಬಿಟ್ಟಿರಲಿಲ್ಲ. ಓನರಮ್ಮ ಎಮ್ಮೆಗೆ ಹಿಂಡಿ ಇಡುವಾಗ, ಬೆರಣಿ ತಟ್ಟುವಾಗ, ಯಾವಾಗಲೂ ಅವರ ರೇಡಿಯೋ ಒದರುತ್ತಲೇ ಇರುತ್ತಿತ್ತು. ನಾನು ಸ್ನಾನಕ್ಕೆ ಅಷ್ಟು ಹೊತ್ತು ಯಾಕೆ ತಗೋತೀನಿ ಅಂತ ಅಪ್ಪನಿಗೆ ಎಂದೂ ಅರ್ಥವಾಗಲಿಲ್ಲ.

ಬಚ್ಚಲಲ್ಲಿ ಶುರುವಾದದ್ದು ಕಾಲೇಜಿನಲ್ಲಿ ಮುಂದುವರಿಯಿತು. ನಾನು ಪಿಯುಸಿ ಸೇರಿದಾಗ ಅಪ್ಪ ಒಂದೇ ಮಾತು ಹೇಳಿದ್ದರು. "ನೋಡಮ್ಮ, ಕಳಿಸ್ತಿರೋದು ಓದೋಕೆ. ಟಾಕೀಸ್ ಮುಂದೆ ಕಂಡ್ಲು ಅಂತ ಒಬ್ಬರು ಬಂದು ಹೇಳಿದ್ರೂ ಸಾಕು, ಆವತ್ತೇ ಕಾಲೇಜು ಬಂದ್." ಅಪ್ಪ ಹೊಡೆಯುವವರಲ್ಲ, ಬಯ್ಯುವವರೂ ಅಲ್ಲ. ಹೇಳಿದ್ದನ್ನು ಮಾಡುವವರು. ಅದೇ ಹೆದರಿಕೆ. ಅಷ್ಟು ಹೆದರಿಕೆ ಇಟ್ಟುಕೊಂಡೂ "ಸ್ಪೆಷಲ್ ಕ್ಲಾಸ್ ಇದೆ" ಎಂದು ಸುಳ್ಳು ಹೇಳಿ, ಗೆಳತಿಯರ ಜೊತೆ ಬಸ್ಸು ಹತ್ತಿ, ಮ್ಯಾಟಿನಿಗೆ ಹೋಗುತ್ತಿದ್ದೆ. ಟಾಕೀಸಿನ ಒಳಗೆ ದೀಪ ಆರುವವರೆಗೂ ಮುಖಕ್ಕೆ ನೋಟ್‌ಬುಕ್ ಅಡ್ಡ ಹಿಡಿದು ಕೂರುತ್ತಿದ್ದೆ. ದೀಪ ಆರಿದ ಮೇಲೆ ಮಾತ್ರ, ನಿಜ ಹೇಳುತ್ತೇನೆ, ಸ್ವರ್ಗ.

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ. ಆ ಮಳೆಗಾಲದಲ್ಲಿ ಒಂದು ಸಿನಿಮಾ ಬಂತು. ಸಿನಿಮಾ ಅಷ್ಟಕ್ಕಷ್ಟೇ. ಆದರೆ ಅದರಲ್ಲಿ ಒಂದು ಕ್ಯಾಬರೆ ಹಾಡಿತ್ತು. ಜಗಜಗ ಮಿನುಗುವ ಬಟ್ಟೆ ತೊಟ್ಟ ಒಬ್ಬಳು ಕೈಯಲ್ಲಿ ಗ್ಲಾಸು ಹಿಡಿದು, ತೂರಾಡುತ್ತ, ಪ್ರತಿ ಸಾಲಿನ ಕೊನೆಗೆ 'ಹಿಕ್' ಎಂದು ಬಿಕ್ಕಳಿಸುತ್ತ ಕುಣಿಯುತ್ತಾಳೆ. ಆ ಬಿಕ್ಕಳಿಕೆಗೆ ಟಾಕೀಸಿಗೆ ಟಾಕೀಸೇ ಶಿಳ್ಳೆ ಹೊಡೆಯುತ್ತಿತ್ತು. ಬಸ್ಸಿನ ಕಂಡಕ್ಟರು, ಸೊಪ್ಪು ಮಾರುವವನು, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದವರು, ಎಲ್ಲರ ಬಾಯಲ್ಲೂ ಅದೇ. ಬೆಂಗಳೂರಿನಲ್ಲಿ ಅದನ್ನು ಕೇಳದೇ ಉಳಿದಿದ್ದ ಪ್ರಾಣಿ ಇದ್ದರೆ ಅದು ನಮ್ಮಪ್ಪ ಒಬ್ಬರೇ ಇರಬೇಕು.

ಅದೇ ವರ್ಷ ಅಪ್ಪನಿಗೆ ಒಂದು ಆಸೆ ಕೈಗೆ ಎಟುಕುವಷ್ಟು ಹತ್ತಿರ ಬಂದಿತ್ತು. ನಮ್ಮ ಸಭೆಗಳ ಕೀರ್ತನೆ ಪುಸ್ತಕವನ್ನು ಹೊಸ ಹಾಡು ಸೇರಿಸಿ ಮತ್ತೆ ಅಚ್ಚು ಹಾಕಿಸುತ್ತಾರೆ ಅನ್ನುವ ಸುದ್ದಿ. ಹಾಡು ಆರಿಸುವ ಹಿರಿಯ ಅಯ್ಯನವರು ಒಬ್ಬರು ಸಿಟಿಯ ದೊಡ್ಡ ಚರ್ಚಿನಿಂದ ಆ ಸಲ ಕ್ರಿಸ್ಮಸ್‌ಗೆ ನಮ್ಮ ಸಭೆಗೇ ಬರುವವರಿದ್ದರು. ನಾವು ಪಾಸ್ಟರನ್ನು ಅಯ್ಯನವರು ಅಂತಲೇ ಕರೆಯುವುದು. ಕೀರ್ತನೆ ಪುಸ್ತಕದಲ್ಲಿ ಪ್ರತಿ ಹಾಡಿನ ಕೆಳಗೆ, ಬಲಗಡೆ ಮೂಲೆಯಲ್ಲಿ, ಬರೆದವರ ಹೆಸರಿನ ಮೊದಲಕ್ಷರ ಸಣ್ಣದಾಗಿ ಇರುತ್ತದೆ. ಅಪ್ಪ ಏಳನೇ ಕ್ಲಾಸಿಗೆ ಓದು ಬಿಟ್ಟವರು. ಆ ಮೂಲೆಯಲ್ಲಿ ತಮ್ಮದೂ ಎರಡಕ್ಷರ ಬೀಳಬೇಕು ಅನ್ನುವುದು ಅವರ ಆಸೆ. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ಪುಸ್ತಕ ತೆರೆದಾಗಲೆಲ್ಲ ಅವರ ಹೆಬ್ಬೆರಳು ಆ ಮೂಲೆಗೇ ಹೋಗುತ್ತಿತ್ತು.

ನವೆಂಬರಿನ ಒಂದು ಸಂಜೆ ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ ಹಾರಿಕೊಂಡು ಬಂದಂತೆ ಬಂದರು. ಕಾಫಿಯನ್ನೂ ಕೇಳಲಿಲ್ಲ. ನಾನೂ ಅಮ್ಮನೂ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು.

"ರಾಗ ಸಿಕ್ತು ಕಣೇ," ಅಂದರು ಅಮ್ಮನಿಗೆ. "ಒಂದು ವರ್ಷದಿಂದ ಪ್ರಾರ್ಥನೆ ಮಾಡ್ತಿದ್ನಲ್ಲ, ಇವತ್ತು ಕೊಟ್ಟ ಕರ್ತನು. ಎಲ್ಲಿ ಕೊಟ್ಟ ಗೊತ್ತಾ? ಮಷೀನ್ ಶಾಪಲ್ಲಿ!"

ನಡೆದದ್ದು ಇಷ್ಟು. ಪಕ್ಕದ ಮಷೀನಿನವರು ಕೆಲಸ ಮಾಡುತ್ತ ಒಂದು ರಾಗವನ್ನು ಶಿಳ್ಳೆಯಲ್ಲಿ ನುಡಿಸುತ್ತಿದ್ದರಂತೆ. ಅಪ್ಪ ಮಷೀನು ನಿಲ್ಲಿಸಿ ಹೋಗಿ, "ಏನ್ ಚೆನ್ನಾಗಿದೆ ಇದು, ಯಾವ ಹಾಡು?" ಎಂದರಂತೆ. ಪಾದ್ರಿಯ ಎದುರು ಕ್ಯಾಬರೆ ಅಂತ ಹೇಳುವುದು ಹೇಗೆ? ಆ ಮನುಷ್ಯ ಮುಖ ಕೆಂಪು ಮಾಡಿಕೊಂಡು, "ನಮ್ಮಜ್ಜಿ ಹೇಳ್ತಿದ್ದ ಜೋಗುಳ ಸಾರ್," ಅಂದುಬಿಟ್ಟರಂತೆ. ಅಪ್ಪ ಅವರನ್ನು ಬಿಡದೆ ಮೂರು ಸಲ ಶಿಳ್ಳೆ ಹಾಕಿಸಿ ಕಲಿತುಕೊಂಡು, ದಾರಿಯಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದರು.

ಪೆಟ್ಟಿಗೆ ತೆಗೆದು, ಕಣ್ಣು ಮುಚ್ಚಿ ಹಾಡಿದರು.

"ಗೋದಲಿ ಹುಲ್ಲಲಿ ಮಲಗಿದ ಕಂದ, ಆಮೆನ್! ಗೋಳಿನ ಲೋಕಕೆ ನಗೆಯನು ತಂದ, ಆಮೆನ್!"

ಅಯ್ಯೋ ದೇವರೇ. ಅವರೆಕಾಯಿ ನನ್ನ ಕೈಯಲ್ಲೇ ಉಳಿಯಿತು. ಅದೇ ರಾಗ, ಅದೇ ಓಟ. ಶಿಳ್ಳೆಯಲ್ಲಿ ಬಿಕ್ಕಳಿಸಲು ಆಗುವುದಿಲ್ಲವಲ್ಲ, ಪಕ್ಕದ ಮಷೀನಿನವರು ಅಲ್ಲಿ ಒಂದು ಚೂರು ಜಾಗ ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗಕ್ಕೆ ಸರಿಯಾಗಿ ಅಪ್ಪ 'ಆಮೆನ್' ಕೂರಿಸಿದ್ದರು. ಲೇತ್ ಕೆಲಸದವರ ಕೈ, ಒಂದು ಕೂದಲೆಳೆ ಆಚೀಚೆ ಆಗಿರಲಿಲ್ಲ.

"ಹೇಗಿದೆ?" ಅಂದರು ನನ್ನ ಕಡೆ ತಿರುಗಿ.

"ಚೆನ್ನಾಗಿದೆ ಅಪ್ಪ," ಅಂದೆ. ನನ್ನ ಕಣ್ಣ ಮುಂದೆ ಆ ಜಗಜಗ ಬಟ್ಟೆಯವಳು ಗ್ಲಾಸು ಹಿಡಿದು ನಿಂತೇ ಇದ್ದಳು.

ಆಗಲೇ ಹೇಳಿಬಿಡಬೇಕಿತ್ತು. ಒಂದು ಮಾತು ಸಾಕಿತ್ತು. ಆದರೆ ಹೇಳಿದ ಕೂಡಲೇ ಅಪ್ಪ ಕೇಳುವ ಮೊದಲ ಪ್ರಶ್ನೆ ಏನು? ನಿನಗೆ ಹೇಗೆ ಗೊತ್ತು? ಅಲ್ಲಿಗೆ ನನ್ನ ಪಿಯುಸಿಗೆ ಮಂಗಳಾರತಿ. ಇನ್ಯಾರಾದರೂ ಹೇಳಿಯೇ ಹೇಳುತ್ತಾರೆ, ಹಾಡಿನ ಗುಂಪಿನಲ್ಲಿ ಎಂಟು ಜನ ಇದ್ದಾರೆ, ನಾನ್ಯಾಕೆ ಕೈ ಸುಟ್ಟುಕೊಳ್ಳಲಿ ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ ಚರ್ಚಿನಲ್ಲಿ ಪ್ರಾಕ್ಟೀಸು. ಅಪ್ಪ ಮೊದಲ ಸಾಲು ನುಡಿಸಿದರು. ನಾನು ಪಕ್ಕಕ್ಕೆ ಕಣ್ಣು ಹಾಯಿಸಿದೆ. ನರ್ಸ್ ಕೆಲಸದ ಆಂಟಿಯೊಬ್ಬರು ಕೆಮ್ಮು ಬಂದವರಂತೆ ಸೆರಗು ಬಾಯಿಗೆ ಒತ್ತಿಕೊಂಡರು. ಇನ್ನೊಬ್ಬರು ಛಾವಣಿಯ ಶೀಟುಗಳನ್ನು ಎಣಿಸತೊಡಗಿದರು. ಡೋಲಕ್ ಬಾರಿಸುತ್ತಿದ್ದ ಅಣ್ಣ ಒಬ್ಬರಿದ್ದರು, ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಕೈ ಅವರ ಮಾತು ಕೇಳಲೇ ಇಲ್ಲ, ತನ್ನಷ್ಟಕ್ಕೆ ಆ ಕ್ಯಾಬರೆ ತಾಳವನ್ನೇ ಹಿಡಿಯಿತು.

"ಶಭಾಷ್!" ಅಂದರು ಅಪ್ಪ. "ನೋಡ್ರಿ, ಹೇಳಿಕೊಡದೇ ಹೆಂಗೆ ಹಿಡಿದ್ರು ತಾಳ! ಇದಕ್ಕೇ ಹೇಳೋದು, ಪವಿತ್ರಾತ್ಮನ ನಡೆಸುವಿಕೆ ಅಂತ."

ಡೋಲಕ್ ಅಣ್ಣ ತಲೆ ಬಗ್ಗಿಸಿದವರು ಪ್ರಾಕ್ಟೀಸ್ ಮುಗಿಯುವವರೆಗೂ ಎತ್ತಲಿಲ್ಲ.

ಒಬ್ಬರೂ ಹೇಳಲಿಲ್ಲ. ಎಂಟು ಜನರಿಗೂ ಆ ಹಾಡು ಗೊತ್ತಿತ್ತು, ಎಂಟು ಜನರೂ ನನ್ನ ಹಾಗೆಯೇ ಲೆಕ್ಕ ಹಾಕುತ್ತಿದ್ದರು. ಹೇಳಿದರೆ, ನಾನು ಸಿನಿಮಾ ನೋಡಿದ್ದೇನೆ ಎಂದು ಸಭೆಯ ಮುಂದೆ ಒಪ್ಪಿಕೊಂಡ ಹಾಗೆ. ಎರಡನೇ ವಾರ ನಮ್ಮ ಸಭೆಯ ಅಯ್ಯನವರೇ ಬಂದು ಕೂತು ಕೇಳಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಸ್ವಲ್ಪ ನಿಧಾನವಾಗಿ ಹಾಡಿದ್ರೆ ಚೆನ್ನಾಗಿರುತ್ತೇನೋ. ತುಂಬಾ ನಿಧಾನವಾಗಿ," ಎಂದು ಹೇಳಿ ಎದ್ದು ಹೋದರು. ಅವರಿಗೆ ಹೇಗೆ ಗೊತ್ತಿತ್ತು ಎಂದು ನಾನು ಇವತ್ತಿನವರೆಗೂ ಯೋಚಿಸುತ್ತಿದ್ದೇನೆ.

ಕೊನೆಗೆ ತಡೆಯಲಾರದೆ ಅಮ್ಮನ ಹತ್ತಿರ ಹೋದೆ. ಅಪ್ಪನಿಗೆ ಸೆಕೆಂಡ್ ಶಿಫ್ಟಿನ ವಾರ, ಮಧ್ಯಾಹ್ನ ಎರಡಕ್ಕೆ ಹೋದರೆ ಬರುವುದು ರಾತ್ರಿಗೆ. ಅಮ್ಮ ಒರಳಿನ ಮುಂದೆ ನಿಂತು ಕಜ್ಜಾಯಕ್ಕೆ ಅಕ್ಕಿ ಕುಟ್ಟುತ್ತಿದ್ದಳು.

"ಅಮ್ಮ, ಅಪ್ಪನ ಹೊಸ ಹಾಡು ಇದೆಯಲ್ಲ..."

"ಗೊತ್ತು. ಸುಮ್ನಿರು."

"ಏನ್ ಗೊತ್ತು?"

"ನಿಂಗೇನ್ ಗೊತ್ತೋ ಅದೇ."

ನಾನು ಬೆಪ್ಪಾಗಿ ನಿಂತೆ. ಅಮ್ಮ ಒನಕೆ ನಿಲ್ಲಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನಿಂಗೆ ಹೇಗೆ ಗೊತ್ತು?" ಅಂದೆ.

"ನೀನು ಮೊದ್ಲು ಹೇಳು."

"ನೀನೇ ಹೇಳಮ್ಮ, ನೀನು ದೊಡ್ಡೋಳು."

ಅಮ್ಮ ನಕ್ಕುಬಿಟ್ಟಳು. ಅಪ್ಪನ ಸೆಕೆಂಡ್ ಶಿಫ್ಟಿನ ವಾರದಲ್ಲಿ ಓನರಮ್ಮನ ಜೊತೆ ಲಗ್ಗೆರೆ ಕಡೆಯ ಟೆಂಟ್ ಸಿನಿಮಾಕ್ಕೆ ಹೋಗುತ್ತಾಳಂತೆ, ಮೊದಲ ಆಟಕ್ಕೆ. ನಾನು ಟೈಪಿಂಗ್ ಕ್ಲಾಸಿಗೆ ಹೋಗುವ ಹೊತ್ತಿಗೆ ಸರಿಯಾಗಿ! ಟೆಂಟಿನಲ್ಲಿ ನೆಲದ ಮೇಲೆ ಕೂತು, ಕಡಲೆಕಾಯಿ ತಿನ್ನುತ್ತ, ನಮ್ಮಮ್ಮ, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಹತ್ತು ಆಜ್ಞೆ ಬಾಯಿಪಾಠ ಮಾಡಿಸುವ ನಮ್ಮಮ್ಮ! ನನಗೆ ಎಷ್ಟು ಸಂತೋಷವಾಯಿತು ಅಂದರೆ ಅವಳನ್ನು ತಬ್ಬಿಕೊಂಡುಬಿಟ್ಟೆ. ಆಮೇಲೆ ನನ್ನದನ್ನೂ ಹೇಳಿದೆ. ಸ್ಪೆಷಲ್ ಕ್ಲಾಸು ಎಷ್ಟು ಸ್ಪೆಷಲ್ ಅಂತ ಅವಳಿಗೂ ತಿಳಿಯಿತು.

"ಹಂಗಾದ್ರೆ ನೀನೇ ಹೇಳು ಅಪ್ಪನಿಗೆ," ಅಂದೆ. "ನಿನ್ನನ್ನೇನು ಕಾಲೇಜು ಬಿಡಿಸೋಕಾಗುತ್ತಾ?"

"ಹೇಳ್ಬಿಡ್ತಿದ್ದೆ ಕಣೇ. ಅವರ ಮುಖ ನೋಡಿದ್ಯಾ ಹಾಡುವಾಗ? ಮದುವೆ ದಿವಸವೂ ಅಷ್ಟು ಖುಷಿಯಾಗಿರ್ಲಿಲ್ಲ ಮನುಷ್ಯ. ನನ್ನ ಕೈಲಾಗಲ್ಲಮ್ಮ."

ಹಾಗೆ ಅಮ್ಮ ಅಪ್ಪನ ಖುಷಿ ಕೆಡಿಸಬಾರದು ಅಂತ ಸುಮ್ಮನಾದಳು. ನಾನು ನನ್ನ ಕಾಲೇಜು ಉಳಿಸಿಕೊಳ್ಳಲು ಸುಮ್ಮನಾದೆ. ಅವಳದು ಪ್ರೀತಿ ಅಂತಲಾದರೂ ಹೇಳಬಹುದು. ನನ್ನದಕ್ಕೆ ಬೇರೆ ಹೆಸರಿದೆ, ನನಗೆ ಆಗಲೂ ಗೊತ್ತಿತ್ತು.

ಕ್ರಿಸ್ಮಸ್‌ಗೆ ನಾಲ್ಕು ದಿನ ಇರುವಾಗ ಇನ್ನೊಂದು ಅವಕಾಶ ತಾನಾಗಿ ಬಂತು. ಅಪ್ಪ ಹಿರಿಯ ಅಯ್ಯನವರಿಗೆ ಕೊಡಲು ಹಾಡನ್ನು ಒಳ್ಳೆಯ ಹಾಳೆಯ ಮೇಲೆ ಗುಂಡಗೆ ಬರೆಯುತ್ತಿದ್ದರು. ಮೂರು ಹಾಳೆ ಹಾಳಾಗಿ ಇದು ನಾಲ್ಕನೆಯದು. ತಪ್ಪಿದೆಯಾ ನೋಡು ಎಂದು ನನ್ನ ಕೈಗೆ ಕೊಟ್ಟರು. ಮೇಲುಗಡೆ 'ರಾಗ: ಹಳ್ಳಿಯ ಹಳೇ ಜೋಗುಳ' ಎಂದಿತ್ತು. ಕೆಳಗೆ ಬಲಗಡೆ ಮೂಲೆಯಲ್ಲಿ, ಸಣ್ಣದಾಗಿ, ಎರಡು ಅಕ್ಷರ.

"ಅಪ್ಪ," ಅಂದೆ.

"ಏನಮ್ಮ? ತಪ್ಪಿದೆಯಾ?"

ಗಂಟಲವರೆಗೆ ಬಂದಿತ್ತು. ಆದರೆ ಅದರ ಹಿಂದೆಯೇ ಕಾಲೇಜಿನ ಗೇಟು, ಗೆಳತಿಯರು, ನನ್ನ ಹೊಸ ಕೆಮಿಸ್ಟ್ರಿ ರೆಕಾರ್ಡು, ಎಲ್ಲ ಬಂದು ನಿಂತವು. "ಇಲ್ಲಪ್ಪ, ಎಲ್ಲ ಸರಿ ಇದೆ," ಅಂದೆ. ಅಪ್ಪ ಹಾಳೆಯನ್ನು ಸತ್ಯವೇದದ, ಅಂದರೆ ನಮ್ಮ ಬೈಬಲಿನ, ನಡುವೆ ಇಟ್ಟು, ಮಡಿಕೆ ಬೀಳದ ಹಾಗೆ ಮುಚ್ಚಿದರು.

ಕ್ರಿಸ್ಮಸ್ ಬೆಳಿಗ್ಗೆ ಚರ್ಚು ಕಿಕ್ಕಿರಿದಿತ್ತು. ಬಿದಿರ ದಬ್ಬೆಯ ನಕ್ಷತ್ರ, ಬಣ್ಣದ ಕಾಗದದ ಮಾಲೆ, ಮುಂದುಗಡೆ ಜಮಖಾನದ ಮೇಲೆ ಭಾನುವಾರದ ಶಾಲೆಯ ಮಕ್ಕಳು. ಹಿಂದಿನ ಬೆಂಚಿನಲ್ಲಿ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಓನರಮ್ಮ. ಪ್ರತಿ ವರ್ಷವೂ ಬರುತ್ತಿದ್ದರು. ನಿಮ್ಮ ಹಬ್ಬಕ್ಕೆ ನಾವು, ನಮ್ಮ ಹಬ್ಬಕ್ಕೆ ನೀವು ಅನ್ನುವುದು ಅವರ ಲೆಕ್ಕ. ವೇದಿಕೆಯ ಮೇಲೆ ಬಿಳೀ ನಿಲುವಂಗಿಯ ಹಿರಿಯ ಅಯ್ಯನವರು, ಎಪ್ಪತ್ತು ದಾಟಿದವರು. ನಾನು ಅಪ್ಪನ ಪಕ್ಕದಲ್ಲಿ ನಿಂತಿದ್ದೆ. ಉಟ್ಟಿದ್ದು ಹೊಸ ಸೀರೆ.

ಹಿರಿಯ ಅಯ್ಯನವರ ಪ್ರಸಂಗ ಮುಗಿಯಿತು. ಅಪ್ಪ ಪೆಟ್ಟಿಗೆಯ ಮೇಲೆ ಕೈ ಇಟ್ಟರು. ನಮ್ಮ ಅಯ್ಯನವರು ನಿಧಾನವಾಗಿ ಹಾಡಿ ಅಂದಿದ್ದೆಲ್ಲ ಆ ಹುರುಪಿನಲ್ಲಿ ಮರೆತೇಹೋಯಿತು. ಡೋಲಕ್ ಶುರುವಾದ ಕೂಡಲೇ ಇಡೀ ಚರ್ಚಿನಲ್ಲಿ ಒಂದು ಸಣ್ಣ ಅಲುಗಾಟ. ಮೊದಲ ಚರಣ ಹೇಗೋ ದಾಟಿತು. ಎರಡನೆಯದರಲ್ಲಿ, ಆಮೆನ್ ಬರುವುದಕ್ಕೆ ಒಂದು ಕ್ಷಣ ಮುಂಚೆ, ಜಮಖಾನದ ಮೇಲಿಂದ ಒಂದು ಸಣ್ಣ ದನಿ.

"ಹಿಕ್!"

ಐದು ವರ್ಷದ ಹುಡುಗಿ, ಎರಡು ಜಡೆ, ಜಡೆಗೆ ಕೆಂಪು ಟೇಪು. ಅವಳ ತಪ್ಪೇನು? ಹಾಡು ಹಾಗಿದೆ, ಅವಳು ಹಾಗೇ ಹಾಡಿದಳು. ಮುಂದಿನ ಸಾಲಿಗೆ ನಾಲ್ಕು ಮಕ್ಕಳು, ಅದರ ಮುಂದಿನದಕ್ಕೆ ಜಮಖಾನಕ್ಕೆ ಜಮಖಾನವೇ. ಪಲ್ಲವಿಗೆ ಬಂದಾಗಲೂ ಅದೇ, ಮಲಗಿದ ಕಂದ, ಹಿಕ್, ಆಮೆನ್. ಹಿರಿಯ ಅಯ್ಯನವರು ಗಾಬರಿಯಿಂದ ಮುಂದೆ ಬಾಗಿ, "ಮಕ್ಕಳಿಗೆ ಯಾರಾದ್ರೂ ನೀರು ಕೊಡ್ರಪ್ಪ," ಅಂದರು.

ಅಷ್ಟೇ. ಸಭೆಯ ಅಣೆಕಟ್ಟು ಒಡೆಯಿತು. ಗಂಡಸರು ಕೀರ್ತನೆ ಪುಸ್ತಕದ ಹಿಂದೆ ಮುಖ ಬಚ್ಚಿಟ್ಟುಕೊಂಡರು, ಹೆಂಗಸರು ಸೆರಗಿನೊಳಗೆ. ಬೆಂಚುಗಳು ಅದುರುತ್ತಿದ್ದವು. ಅಪ್ಪ ಒಮ್ಮೆ ತಿರುಗಿ ನೋಡಿದರು. ಎಲ್ಲರ ಕಣ್ಣಲ್ಲೂ ನೀರು. ಅವರ ಮುಖ ಅರಳಿತು. ತಮ್ಮ ಹಾಡಿಗೆ ಇಡೀ ಸಭೆ ಅಳುತ್ತಿದೆ ಅಂದುಕೊಂಡುಬಿಟ್ಟರು! ಇನ್ನೂ ಜೋರಾಗಿ ಪೆಟ್ಟಿಗೆಯ ತಿದಿ ಒತ್ತಿ, ಮುಗಿದ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ನನಗೂ ನಗು ಒತ್ತರಿಸಿ ಬರುತ್ತಿತ್ತು. ನಕ್ಕೆ, ಸುಳ್ಳು ಯಾಕೆ ಹೇಳಲಿ. ಅಪ್ಪನ ಪಕ್ಕದಲ್ಲೇ ನಿಂತು ನಾನೂ ನಕ್ಕೆ.

ಆರಾಧನೆ ಮುಗಿದು ಹೊರಗೆ ಮರದ ಕೆಳಗೆ ಕೇಕು, ಕಲಕಲ್ ಅನ್ನುವ ಕರಿದ ಸಿಹಿತಿಂಡಿ ಹಂಚುತ್ತಿದ್ದರು. ಹಿರಿಯ ಅಯ್ಯನವರು ಅಪ್ಪನ ಹೆಗಲ ಮೇಲೆ ಕೈ ಇಟ್ಟು, "ಮಾತುಗಳು ತುಂಬ ಸರಳ, ತುಂಬ ಚೆನ್ನಾಗಿವೆ. ಬರೆದಿದ್ದು ಇದ್ದರೆ ಕೊಡಿ," ಅನ್ನುತ್ತಿದ್ದರು. ಅಪ್ಪ ಸತ್ಯವೇದ ತೆರೆದು ಹಾಳೆ ತೆಗೆದರು. ಅಷ್ಟರಲ್ಲಿ ಓನರಮ್ಮ ಕೈಯಲ್ಲಿ ಕೇಕು ಹಿಡಿದು ಬಂದರು. ಸತ್ಯವೇದ ಹಿಡಿದವರೆಲ್ಲ ಅವರಿಗೆ ಪಾದ್ರಿಯೇ.

"ಪಾದ್ರಿ ಸಾಮಿ, ಈ ವರ್ಸ ಬೋ ಚೆಂದಾಗಿತ್ತು ಕಣಪ್ಪ! ಓದ್ ವರ್ಸ ಬರೀ ಅಳೋ ಆಡು. ಈ ಸಲ ಸಿನ್ಮಾ ಆಡು ಆಕಿದ್ರಲ್ಲ, ನಂಗೂ ಎದ್ ಕುಣ್ಯಂಗಾಯ್ತು!"

ಅಪ್ಪ ನಕ್ಕರು. "ಸಿನಿಮಾದ್ದಲ್ಲಮ್ಮ, ಅದು ಹಳೇ ಕಾಲದ ಜೋಗುಳ."

"ಯಾವ್ ಜೋಗ್ಳ ಸಾಮಿ? ಆ ಎಣ್ಣು ಗಿಲಾಸು ಇಡ್ಕಂಡು ಬಿಕ್ಕಳಿಸ್ಕಂಡು ಕುಣೀತಾಳಲ್ಲ, ಅದೇಯ! ಟೆಂಟ್ನಾಗೆ ನಾನೂ ನಿಮ್ಮನೆ ಅಮ್ಮಾವ್ರೂ ಒಟ್ಗೇ ಕುಂತು ನೋಡಿದ್ವಲ್ಲ. ಬೇಕಾರೆ ಕೇಳಿ."

ಸುತ್ತ ನಿಂತಿದ್ದ ಸಭೆಯವರೆಲ್ಲ ಕೇಕು ನೋಡಿಕೊಂಡರು. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದರು. ಡೋಲಕ್ ಅಣ್ಣ, ನರ್ಸ್ ಆಂಟಿ, ನಮ್ಮ ಅಯ್ಯನವರು, ಅಮ್ಮ, ನಾನು. ಹಿರಿಯ ಅಯ್ಯನವರ ಕೈ ಹಾಳೆಗಾಗಿ ಚಾಚಿಯೇ ಇತ್ತು. ಅಪ್ಪ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

"ಇನ್ನೊಂದು ಚೂರು ತಿದ್ದೋದಿದೆ ಅಯ್ಯನವರೇ," ಅಂದರು.

ಆ ವರ್ಷ ಅಚ್ಚಾದ ಪುಸ್ತಕಕ್ಕೆ ಅವರು ಯಾವ ಹಾಡನ್ನೂ ಕಳಿಸಲಿಲ್ಲ.

ಮನೆಯಲ್ಲಿ ಕೋಳಿ ಸಾರಿನ ಘಮಘಮ. ಚಾಪೆ ಹಾಸಿ ಮೂವರೂ ಕೂತೆವು. ಕ್ರಿಸ್ಮಸ್ ಊಟದ ಪ್ರಾರ್ಥನೆ ಅಂದರೆ ಅಪ್ಪ ಸಾರು ಆರುವವರೆಗೂ ಮಾಡುತ್ತಿದ್ದರು. ಅವತ್ತು, "ಕೊಟ್ಟಿದ್ದಕ್ಕೆ ಸ್ತೋತ್ರ, ಆಮೆನ್," ಇಷ್ಟೇ.

ಎರಡು ತುತ್ತು ತಿಂದು ಅಮ್ಮನನ್ನು ಕೇಳಿದರು. "ಟೆಂಟಿಗೆ ಹೋಗಿದ್ಯಾ?"

"ಹೋಗಿದ್ದೆ ರೀ."

"ಅದೊಂದಕ್ಕೇನಾ?"

ಅಮ್ಮ ಅನ್ನ ಕಲಸುತ್ತ, "ಒಂದೇ ಅಂತ ಹೇಗೆ ಹೇಳಲಿ," ಅಂದಳು.

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅಪ್ಪ ನನ್ನ ಕಡೆ ತಿರುಗಿದರು. "ನೀನು?"

ಓನರಮ್ಮ ನನ್ನ ಹೆಸರು ಹೇಳಿರಲಿಲ್ಲ. ಅಮ್ಮ ನನ್ನ ಕಡೆ ನೋಡಲಿಲ್ಲ, ನನ್ನನ್ನು ಉಳಿಸುವುದಕ್ಕೇ ನೋಡಲಿಲ್ಲ. ಇಲ್ಲಪ್ಪ ಅಂದಿದ್ದರೆ ಅಪ್ಪ ನಂಬುತ್ತಿದ್ದರು. ಅವರು ನಂಬುತ್ತಿದ್ದರು ಅನ್ನುವುದೇ ನನಗೆ ತಡೆಯಲಿಕ್ಕಾಗಲಿಲ್ಲ.

"ನಾನೂ ನೋಡಿದೀನಿ ಅಪ್ಪ. ಕಾಲೇಜಿಂದ ಹೋಗಿ. ಮೊದಲ್ನೇ ದಿನ ನೀವು ಬಾರಿಸಿದಾಗ್ಲೇ ಗೊತ್ತಾಯ್ತು."

ಹೇಳಿ ಕಾದೆ. ಕಾಲೇಜು ಬಂದ್ ಅನ್ನುವ ಮಾತಿಗೆ ಕಾದೆ. ಅಪ್ಪ ಆ ಮಾತು ಆಡಲಿಲ್ಲ.

"ಆರು ವಾರ ನನ್ನ ಪಕ್ಕ ನಿಂತು ಹಾಡ್ದೆ," ಅಂದರು.

"ಹೂಂ."

"ಎಲ್ರೂ ನನ್ನ ನೋಡಿ ನಗ್ತಾರೆ ಅಂತ ಗೊತ್ತಿತ್ತು ನಿಂಗೆ."

"ಹೂಂ."

"ಆ ಎಮ್ಮೆ ಕಾಯೋ ತಾಯಿ ಹೇಳ್ಬೇಕಾಯ್ತಲ್ಲ ಮಗಳೇ. ಅಷ್ಟು ಜನ ನನ್ನವರು ನಿಂತಿದ್ರು. ಒಬ್ರಿಗೂ ಬಾಯಿ ಬರ್ಲಿಲ್ಲ. ಅಷ್ಟು ಹೆದರಿಸ್ತೀನಾ ನಾನು?"

ಅಮ್ಮ ಏನೋ ಹೇಳಲು ಹೋದಳು. ಅವಳಿಗಿಂತ ಮುಂಚೆ ನಾನೇ, "ಹೌದಪ್ಪ," ಅಂದೆ. ಹೇಳಿದ್ದೇ ಅಳು ಬಂದುಬಿಟ್ಟಿತು. ಅಪ್ಪ ತಟ್ಟೆಯಲ್ಲಿದ್ದುದನ್ನು ಪೂರ್ತಿ ಊಟ ಮಾಡಿ, ಕೈ ತೊಳೆದು, ಹೊರಗೆ ಜಗಲಿಯ ಮೇಲೆ ಹೋಗಿ ಕೂತರು. ಹೊಸ ವರ್ಷಕ್ಕೆ ಕಾಲೇಜು ತೆರೆದಾಗ ಬಸ್ ಪಾಸಿನ ದುಡ್ಡನ್ನು ಎಂದಿನ ಹಾಗೆ ಕಿಟಕಿಯಲ್ಲಿ ಇಟ್ಟಿದ್ದರು. ಹಾರ್ಮೋನಿಯಂ ಪೆಟ್ಟಿಗೆಗೆ ಮಾತ್ರ ಬಟ್ಟೆ ಹೊದಿಸಿಬಿಟ್ಟಿದ್ದರು. ಜನವರಿಯೆಲ್ಲ ಸಭೆಯಲ್ಲಿ ಬರೀ ಡೋಲಕ್ಕು. ಡೋಲಕ್ ಅಣ್ಣ ಮನೆಗೆ ಬಂದು, ಬನ್ನಿ ಸಾರ್, ಪೆಟ್ಟಿಗೆ ಇಲ್ಲದೆ ಆಗಲ್ಲ ಅಂತ ಎಷ್ಟು ಕೇಳಿಕೊಂಡರೂ ಅಪ್ಪ ಬೆನ್ನುನೋವು ಅಂದರು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಆದರೆ ಲೆಕ್ಕಕ್ಕೆ ಬೇಕಾದಷ್ಟೇ ಮಾತು.

ನಾನೂ ಹಟಕ್ಕೆ ಬಿದ್ದೆನೋ, ತಪ್ಪು ಒಪ್ಪಿಕೊಂಡ ಮೇಲೆ ಧೈರ್ಯ ಬಂತೋ, ಗೊತ್ತಿಲ್ಲ. ಫೆಬ್ರವರಿಯಲ್ಲಿ ಮತ್ತೊಂದು ಸಿನಿಮಾ ನೋಡಿಬಂದೆ. ಆ ಸಲ ನೋಟ್‌ಬುಕ್ ಅಡ್ಡ ಹಿಡಿಯಲಿಲ್ಲ.

ಅದರ ಮುಂದಿನ ಭಾನುವಾರ ಆರಾಧನೆಯಿಂದ ಬಂದ ಮೇಲೆ ನಡುಮನೆಯಿಂದ ಪೆಟ್ಟಿಗೆಯ ದನಿ ಕೇಳಿಸಿತು. ಒಂದು ಸಾಲು ನುಡಿಸುವುದು, ನಿಲ್ಲಿಸುವುದು, ಮತ್ತೆ ಅದನ್ನೇ ನುಡಿಸುವುದು. ಶುಭ ಶುಕ್ರವಾರಕ್ಕೆ ಹೊಸ ಹಾಡು. ನಾನು ಬಾಗಿಲ ಹತ್ತಿರ ಸುಳಿದಾಗ ಅಪ್ಪ ತಲೆ ಎತ್ತದೆ ಕರೆದರು.

"ಬಾ ಇಲ್ಲಿ. ಇದನ್ನ ಎಲ್ಲಾದ್ರೂ ಕೇಳಿದ್ದೀಯಾ? ನಿಜ ಹೇಳು."

ಕೂತು ಕೇಳಿದೆ. ಅಪ್ಪ ಹಾಡಲಿಲ್ಲ, ಬರೀ ನುಡಿಸಿದರು. ಮೊದಲ ಸಾಲು ಅವರದೇ. ಎರಡನೇ ಸಾಲು ಬಂದಾಗ ನನಗೆ ಗುರುತು ಸಿಕ್ಕಿಬಿಟ್ಟಿತು. ಎಲ್ಲಿಂದ ಹತ್ತಿಕೊಂಡಿತೋ, ಬಸ್ ಸ್ಟಾಪಿನಲ್ಲೋ ಕ್ಯಾಂಟೀನಿನಲ್ಲೋ, ಅವರಿಗೂ ಗೊತ್ತಿರಲಿಕ್ಕಿಲ್ಲ.

"ಮೊದಲ್ನೇದು ಇಲ್ಲಪ್ಪ. ಎರಡನೇ ಸಾಲು ಸಿನಿಮಾದ್ದು."

"ಗ್ಯಾರಂಟಿನಾ?"

"ಗ್ಯಾರಂಟಿ. ನೋಡಿದೀನಲ್ಲ."

"ಯಾವಾಗ?"

"ಮೊನ್ನೆ ಶುಕ್ರವಾರ."

ಅಪ್ಪನ ಬೆರಳು ಹಾರ್ಮೋನಿಯಂ ಕೀಗಳ ಮೇಲೆ ಹಾಗೇ ನಿಂತಿತ್ತು. ಕಾಳು ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟಳು. ಅಪ್ಪ ನನ್ನ ಮುಖ ನೋಡಿದರು.

"ಏನ್ ಕತೆ ಅದು?" ಅಂದರು.

"ನಿಮಗ್ಯಾಕಪ್ಪ, ಲೋಕದ್ದು," ಅಂದೆ.

"ನೀನು ಮೂರು ಗಂಟೆ ಕೂತು ನೋಡಿದೀಯಲ್ಲ," ಅಂದರು ಅಪ್ಪ. ಪೆಟ್ಟಿಗೆಯ ಮುಚ್ಚಳ ಹಾಕಿ, ಗೋಡೆಗೆ ಒರಗಿ, ಕಾಲು ಚಾಚಿ ಕೂತರು. "ಹೇಳು, ಕೇಳ್ತೀನಿ."